ನಮಗೆಲ್ಲ ಅಭ್ಯಾಸ ಉಂಟು ಎನ್ನುವವರಿಗೆ: ಪ್ರವಾಸ ಮತ್ತು ಆರೋಗ್ಯ

(ಉಡುಪಿಯಲ್ಲಿ ಹಿರಿಯ ನಾಗರಿಕರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಕೆಲವರು ನೇಪಾಳಕ್ಕೆ, ಮುಕ್ತಿನಾಥಕ್ಕೆ ಹೊರಡುವ ತಯಾರಿಯಲ್ಲಿದ್ದೀರಿ ಎಂದು ಕೇಳಿದೆ. ಕೆಲವರ ಮಕ್ಕಳು ಕೀನ್ಯಾ, ಉಗಾಂಡದಲ್ಲಿ ಕೆಲಸದಲ್ಲಿದ್ದಾರೆ. ಅವರನ್ನು ನೋಡಿ ಬರಲು ಹೋಗುವವರಿದ್ದೀರಿ. ವಿಯೆಟ್ನಾಂ, ಬಾಲಿ ಎಂದು ಪ್ಯಾಕೇಜ್ ಟೂರ್ ಬುಕ್ ಮಾಡಿದವರೂ ಇದ್ದೀರಿ. ಹಿಂದೆಲ್ಲ ಬಡ ದೇಶಗಳಲ್ಲಿ, ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂಬ ಸಲಹೆಗಳನ್ನು ಯುರೋಪ್, ಅಮೆರಿಕದವರು ನಮ್ಮಲ್ಲಿಗೆ ಬರುವ ಮೊದಲು ಓದುತ್ತಿದ್ದರು. ಈಗ ನಾವೂ ಊರೂರು ಸುತ್ತಲು ಹೊರಟಿದ್ದೇವೆ. ಆ ಸಲಹೆ ನಮಗೂ ಬೇಕು. ಕೆಲವು ವಿಷಯಗಳಲ್ಲಿ ಅವರಿಗಿಂತ ನಮಗೇ ಜಾಸ್ತಿ ಬೇಕು.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಪ್ರವಾಸಕ್ಕೆ ಹೊರಟವರಿಗೆ ನಾನು ಸೊಳ್ಳೆಯ ಬಗ್ಗೆಯೋ ನೀರಿನ ಬಗ್ಗೆಯೋ ಒಂದು ಮಾತು ಹೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ. "ಡಾಕ್ಟ್ರೇ, ನಮಗೆಲ್ಲ ಅಭ್ಯಾಸ ಉಂಟು. ಇಲ್ಲಿಯ ಸೊಳ್ಳೆ ಕಚ್ಚಿಸಿಕೊಂಡು, ಇಲ್ಲಿಯ ಬಾವಿ ನೀರು ಕುಡಿದು ಬೆಳೆದವರು ನಾವು. ಬಿಳಿಯರ ಹಾಗೆ ನಾಜೂಕು ಹೊಟ್ಟೆ ಅಲ್ಲ ನಮ್ಮದು." ಈ ಧೈರ್ಯ ನನಗೆ ಅರ್ಥವಾಗುತ್ತದೆ. ಆದರೆ ದೇಹಕ್ಕೆ ಅಭ್ಯಾಸ ಆಗುವುದು ತಾನು ಕಂಡ ರೋಗಕ್ಕೆ ಮಾತ್ರ. ಕಾಣದ ರೋಗಕ್ಕೆ ನಾವೂ ಲಂಡನ್ನಿನವರೂ ಒಂದೇ. ಕಂಡ ರೋಗಕ್ಕೂ ಆ ಅಭ್ಯಾಸ ಬಹಳ ಕಾಲ ಉಳಿಯುತ್ತದೆ ಎಂದೇನಿಲ್ಲ.

ಮಲೇರಿಯವನ್ನೇ ತೆಗೆದುಕೊಳ್ಳಿ. ಮಂಗಳೂರಿನವರಿಗೆ ಮಲೇರಿಯದ ಪರಿಚಯ ಮಾಡಿಕೊಡುವುದೇ ಬೇಡ ಅಲ್ವಾ? ತೊಂಬತ್ತರ ದಶಕದಿಂದ ಊರಲ್ಲಿ ಕಟ್ಟಡಗಳು ಏಳುತ್ತಾ ಹೋದ ಹಾಗೆ ಮಲೇರಿಯವೂ ಏರಿತು. ತಾರಸಿಯ ಟ್ಯಾಂಕಿ, ಕಾಮಗಾರಿ ನಡೆಯುವಲ್ಲಿ ನಿಂತ ಚೊಕ್ಕ ನೀರು, ಇದರಲ್ಲಿ ಮೊಟ್ಟೆ ಇಡುವ ಅನಾಫಿಲಿಸ್ ಸೊಳ್ಳೆ. ಒಂದೇ ಮನೆಯಲ್ಲಿ ಎರಡು ಮೂರು ಜನಕ್ಕೆ ಬಂದುಹೋದ ಕಾಲವಿತ್ತು. ಹಾಗಾಗಿ ನಮ್ಮವರಿಗೆ ಮಲೇರಿಯ ಎಂದರೆ ಚಳಿ, ಜ್ವರ, ರಕ್ತ ಪರೀಕ್ಷೆ, ಮಾತ್ರೆ, ಒಂದು ವಾರ ಸುಸ್ತು. ಅಷ್ಟೇ. ಆದರೆ ಇಲ್ಲಿ ಬಹುಪಾಲು ಬರುವುದು ವೈವಾಕ್ಸ್ ಎಂಬ ಜಾತಿಯ ಮಲೇರಿಯ. ಆಫ್ರಿಕದಲ್ಲಿ ಹೆಚ್ಚಿನ ಕಡೆ ಇರುವುದು ಫಾಲ್ಸಿಪಾರಂ. ಅದು ಮಿದುಳಿಗೆ, ಮೂತ್ರಪಿಂಡಕ್ಕೆ ಏರುತ್ತದೆ. ಜ್ವರ ಶುರುವಾಗಿ ಕೆಲವೇ ದಿನಗಳಲ್ಲಿ ಜೀವ ತೆಗೆಯಬಲ್ಲದು. ಮಂಗಳೂರಿನಲ್ಲಿ ನಿಮಗೆ ನಾಲ್ಕು ಸಲ ವೈವಾಕ್ಸ್ ಬಂದುಹೋಗಿದ್ದರೂ ಉಗಾಂಡದ ಕಂಪಾಲಾ ನಗರದ ಫಾಲ್ಸಿಪಾರಂ ಎದುರು ಅದು ರಕ್ಷಣೆ ಕೊಡುವುದಿಲ್ಲ.

ಉಗಾಂಡದಿಂದ ರಜೆಗೆ ಬಂದ ಒಬ್ಬ ಹುಡುಗನನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಜ್ವರ ಬಂದು ಐದನೇ ದಿನ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ನುಂಗಿ, ಗಂಜಿ ಕುಡಿದು ಮಲಗಿದ್ದ. ಕಣ್ಣು ಹಳದಿಯಾಗಿತ್ತು. ಹೆಸರು ಕೇಳಿದರೆ ಸರಿಯಾಗಿ ಹೇಳಿದ, ವಾರ ಯಾವುದು ಎಂದರೆ ತಡಬಡಿಸಿದ. ಅಮ್ಮ ಪಕ್ಕದಲ್ಲಿ ನಿಂತು, "ನಿದ್ದೆ ಇಲ್ಲದೆ ಹೀಗೆ ಮಾಡ್ತಾನೆ" ಎನ್ನುತ್ತಿದ್ದರು. ಅದು ನಿದ್ದೆಗೇಡಲ್ಲ, ಮಿದುಳಿಗೆ ಏರುತ್ತಿದ್ದ ಮಲೇರಿಯ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಐಸಿಯುನಲ್ಲಿ ಇದ್ದು ಬದುಕಿ ಬಂದ. ಅವನು ಊರಿಗೆ ಬಂದ ಮೊದಲ ದಿನಗಳಲ್ಲೇ ಒಂದು ಮೆಡಿಕಲ್‌ಗೆ ಹೋಗಿ ಜ್ವರಕ್ಕೆ ಮದ್ದು ಕೇಳಿದ್ದ. ಆಫ್ರಿಕದಿಂದ ಬಂದವನು ಎಂದು ಅವನೂ ಹೇಳಲಿಲ್ಲ, ಅಂಗಡಿಯವರೂ ಕೇಳಲಿಲ್ಲ.

ಹಾಗಾಗಿ ಒಂದು ಮಾತು ಮನೆಯ ಎಲ್ಲರಿಗೂ ಹೇಳಿಡಿ. ಮಲೇರಿಯ ಇರುವ ದೇಶದಿಂದ ಬಂದವರಿಗೆ ಮುಂದಿನ ಮೂರು ತಿಂಗಳಲ್ಲಿ ಜ್ವರ ಬಂದರೆ, ಅದು ಸುಮ್ನೆ ಜ್ವರ ಎಂದು ಬಿಡಬಾರದು. ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಆಸ್ಪತ್ರೆಯ ಬಾಗಿಲಲ್ಲಿ ನಿಂತೇ, "ನಾನು ಇಂಥ ದೇಶದಿಂದ ಬಂದಿದ್ದೇನೆ" ಎನ್ನಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಜ್ವರ ಬಿಡದಿದ್ದರೆ ಮತ್ತೆ ಮಾಡಿಸಬೇಕು.

ಇನ್ನು ತಡೆಯುವ ಮಾತ್ರೆ. ಇಂಥ ದೇಶಗಳಿಗೆ ಹೋಗುವ ಮುಂಚೆಯೇ ಶುರು ಮಾಡಿ, ಅಲ್ಲಿ ಇರುವಷ್ಟು ದಿನ ತೆಗೆದುಕೊಂಡು, ಬಂದ ಮೇಲೂ ಮುಂದುವರಿಸುವ ಮಾತ್ರೆಗಳಿವೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರು, ದಿನಕ್ಕೊಂದು, ವಾಪಸು ಬಂದ ಮೇಲೆ ಇನ್ನೂ ನಾಲ್ಕು ವಾರ. ಮೆಫ್ಲೋಕ್ವಿನ್ ವಾರಕ್ಕೊಂದು, ಅದನ್ನು ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ಯಾರಿಗೆ ಯಾವುದು ಆಗುತ್ತದೆ ಎಂದು ವೈದ್ಯರೇ ಹೇಳಬೇಕು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿ ಕೊಡುವುದಿಲ್ಲ. ಮನಸ್ಸಿನ ಕಾಯಿಲೆ, ಮೂರ್ಛೆ ಇದ್ದವರಿಗೆ ಮೆಫ್ಲೋಕ್ವಿನ್ ಬೇಡ. ನಮ್ಮವರು ಎಡವುವುದು ಊರಿಗೆ ಬಂದ ಮೇಲಿನ ನಾಲ್ಕು ವಾರದಲ್ಲಿ. ಮನೆಗೆ ಬಂದಾಯಿತಲ್ಲ, ಇನ್ಯಾಕೆ ಮಾತ್ರೆ ಎಂದು ನಿಲ್ಲಿಸುತ್ತಾರೆ. ರೋಗದ ಕಣ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಅಡಗಿ ಕೂತು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಆಗ ಅದನ್ನು ಹಿಡಿಯಲು ಆ ನಾಲ್ಕು ವಾರದ ಮಾತ್ರೆ ಬೇಕೇ ಬೇಕು.

ಸೊಳ್ಳೆಯ ವಿಷಯದಲ್ಲಿ ಇನ್ನೊಂದು. ಮಲೇರಿಯದ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚುವುದು. ಡೆಂಗಿಯ ಏಡಿಸ್ ಹಗಲಿನದ್ದು. ರಾತ್ರಿ ಪರದೆ ಕಟ್ಟಿ ಮಲಗಿದರೆ ಎರಡೂ ಮುಗಿಯಿತು ಎಂದುಕೊಳ್ಳಬೇಡಿ. ಮೈಗೆ ಹಚ್ಚುವ ಮುಲಾಮಿನಲ್ಲಿ ಡೀಟ್ ಎಂಬ ಅಂಶ ಎಷ್ಟು ಶೇಕಡ ಇದೆ ಎಂದು ಟ್ಯೂಬಿನ ಮೇಲೆ ನೋಡಿ. ಇಲ್ಲಿ ಮನೆಬಳಕೆಗೆ ಸಿಗುವುದರಲ್ಲಿ ಕಡಿಮೆ ಇರುತ್ತದೆ, ಬೇಗ ಬೇಗ ಮತ್ತೆ ಹಚ್ಚಬೇಕಾಗುತ್ತದೆ. ಆಫ್ರಿಕಕ್ಕಾದರೆ ಶೇಕಡ 20ಕ್ಕಿಂತ ಮೇಲಿನದ್ದು ಒಳ್ಳೆಯದು.

ಕಾಮಾಲೆಯ ಕತೆ ಇದಕ್ಕಿಂತ ವಿಚಿತ್ರ. ನೀರಿನಿಂದ ಹರಡುವ ಹೆಪಟೈಟಿಸ್ ಎ ಚಿಕ್ಕ ಮಕ್ಕಳಿಗೆ ಬಂದರೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಬಂದುಹೋದ ಮೇಲೆ ಜೀವನಪೂರ್ತಿ ರಕ್ಷಣೆ. ನಮ್ಮ ತಲೆಮಾರಿನ ಹೆಚ್ಚಿನವರಿಗೆ ತೋಡಿನ ನೀರಲ್ಲಿ ಆಡುವ ವಯಸ್ಸಲ್ಲೇ ಅದು ಬಂದುಹೋಗಿರುತ್ತದೆ. ಆದರೆ ನಿಮ್ಮ ಮಕ್ಕಳು ಫಿಲ್ಟರ್ ನೀರು ಕುಡಿದು ಬೆಳೆದವರು. ಅವರಿಗೆ ಆ ರಕ್ಷಣೆ ಇಲ್ಲದಿರುವ ಸಾಧ್ಯತೆ ಜಾಸ್ತಿ. ದೊಡ್ಡವರಾದ ಮೇಲೆ ಬಂದರೆ ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಅಂದರೆ ಒಂದೇ ಮನೆಯಿಂದ ಒಟ್ಟಿಗೆ ಪ್ರವಾಸ ಹೊರಟ ಅಪ್ಪನಿಗೆ ಲಸಿಕೆ ಬೇಡದಿರಬಹುದು, ಮೂವತ್ತರ ಮಗನಿಗೆ ಬೇಕು. ಅಪ್ಪ ಎಳನೀರು ಅಂಗಡಿಯ ಪಕ್ಕದ ಕಬ್ಬಿನ ಹಾಲಿಗೆ ಐಸ್ ಹಾಕಿಸಿಕೊಂಡು ಕುಡಿದು ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಮಗ ಅದನ್ನು ಅನುಸರಿಸಬಾರದು.

ಕೆರೆ ಕಂಡರೆ ಇಳಿಯುವ ಚಟ ನಮಗೆಲ್ಲ ಇದೆ. ಆಫ್ರಿಕದ ವಿಕ್ಟೋರಿಯ ಸರೋವರ, ಮಲಾವಿ ಸರೋವರಗಳಲ್ಲಿ ಒಂದು ಬಗೆಯ ಬಸವನಹುಳು ಇದೆ. ಅದರಿಂದ ಹೊರಬರುವ ಕಣ್ಣಿಗೆ ಕಾಣದ ಹುಳು ನೀರಿಗೆ ಇಳಿದವರ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಿಲ್ಹಾರ್ಜಿಯ ಎನ್ನುತ್ತಾರೆ. ನಮ್ಮ ಕೆರೆಗಳಲ್ಲಿ ಅದು ಇಲ್ಲ, ಹಾಗಾಗಿ ನಮಗೆ ಅದರ ಭಯವೂ ಇಲ್ಲ. ದೋಣಿಯಲ್ಲಿ ಹೋಗಿ, ಚೆಂದ ನೋಡಿ, ಫೋಟೊ ತೆಗೆಯಿರಿ. ಈಜು ಬೇಡ.

ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ನಿಯಮದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಕೀನ್ಯಾ, ಉಗಾಂಡದಂಥ ದೇಶಗಳಿಗೆ ಹೋಗುವವರು ಕನಿಷ್ಠ 10 ದಿನ ಮೊದಲು ಇದನ್ನು ಹಾಕಿಸಿಕೊಳ್ಳಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಪ್ರಮಾಣಪತ್ರ 2016ರಿಂದ ಜೀವನಪೂರ್ತಿಗೆ ನಡೆಯುತ್ತದೆ. ಪತ್ರ ಇಲ್ಲದೆ ಭಾರತಕ್ಕೆ ವಾಪಸು ಬಂದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಸುಮ್ನೆ ತೊಂದರೆ ಕೊಡಲು ಮಾಡಿದ ನಿಯಮ ಅಲ್ಲ. ಹಳದಿ ಜ್ವರ ಹರಡುವ ಏಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟು ಉಂಟು, ರೋಗ ಮಾತ್ರ ಇನ್ನೂ ಬಂದಿಲ್ಲ. 60 ದಾಟಿದವರಿಗೆ, ಮೊಟ್ಟೆಯ ಅಲರ್ಜಿ ಇದ್ದವರಿಗೆ ಈ ಲಸಿಕೆಯಲ್ಲಿ ಅಪಾಯ ಹೆಚ್ಚು. ಇಲ್ಲಿ ಹೆಚ್ಚಿನವರು 60 ದಾಟಿದವರೇ. ಮೊದಲು ವೈದ್ಯರ ಹತ್ತಿರ ಮಾತಾಡಿ.

ಈಗ ಹೊಟ್ಟೆಗೆ ಬರೋಣ. ಪ್ರವಾಸದಲ್ಲಿ ಎಲ್ಲರನ್ನೂ ಕಾಡುವುದು ಭೇದಿ. ಇಲ್ಲಿ ಮೇಜಿನ ಮೇಲೆ ಒಂದು ಲೀಟರ್ ನೀರಿನ ಬಾಟಲಿ, ಒಂದು ಓಆರ್‌ಎಸ್ ಪೊಟ್ಟಣ ಇಟ್ಟಿದ್ದೇನೆ. ಯಾರಾದರೂ ಒಬ್ಬರು ಬಂದು ಬೆರೆಸಿ ತೋರಿಸುತ್ತೀರಾ?

(ಒಬ್ಬ ಹಿರಿಯರು ಬಂದರು. ಲೋಟಕ್ಕೆ ನೀರು ಹಾಕಿ, ಪೊಟ್ಟಣದ ತುದಿ ಹರಿದು, ಎರಡು ಚಮಚದಷ್ಟು ಹುಡಿ ಹಾಕಿ ಕಲಕಿದರು. ಉಳಿದ ಪೊಟ್ಟಣವನ್ನು ಮಡಚಿ ಇಟ್ಟರು.)

ತುಂಬಾ ಉಪಕಾರ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಹೀಗೆಯೇ ಮಾಡುವುದು. ಆದರೆ ಇದು ಹಾಗಲ್ಲ. ಈ ಪೊಟ್ಟಣದಲ್ಲಿ 20.5 ಗ್ರಾಂ ಹುಡಿ ಉಂಟು. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಉಳಿದದ್ದು ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಇಡೀ ಪೊಟ್ಟಣ, ಇಡೀ ಒಂದು ಲೀಟರ್ ನೀರಿಗೆ, ಒಂದೇ ಸಲ. ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಒಳಗೆ ಹೋಗುತ್ತವೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಭೇದಿ ಎಷ್ಟೇ ಇದ್ದರೂ ಈ ದಾರಿ ಹೆಚ್ಚಾಗಿ ಮುಚ್ಚುವುದಿಲ್ಲ. ಹುಡಿ ಜಾಸ್ತಿ, ನೀರು ಕಡಿಮೆ ಆದರೆ ತಿರುಗುಬಾಣ ಆಗುತ್ತದೆ, ದೇಹದ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಲೋಟಕ್ಕೆ ಹಾಕುವ ಚಿಕ್ಕ ಪೊಟ್ಟಣಗಳೂ ಬರುತ್ತವೆ, 200 ಮಿಲಿಲೀಟರ್‌ಗೆ. ಯಾವುದು ನಿಮ್ಮ ಕೈಯಲ್ಲಿದೆ ಎಂದು ಓದಿ ನೋಡಿ. ಬೆರೆಸಿದ್ದನ್ನು 24 ಗಂಟೆ ಕಳೆದರೆ ಚೆಲ್ಲಬೇಕು.

ಈ ಪೊಟ್ಟಣದ ಹಿಂದೆ ಒಬ್ಬ ಭಾರತೀಯ ವೈದ್ಯರ ಕೆಲಸ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ಶಿಬಿರ. ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರರಲ್ಲಿ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಬರಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಂಗಡಿಯಲ್ಲಿ ಬಣ್ಣಬಣ್ಣದ ಟೆಟ್ರಾ ಪ್ಯಾಕಿನಲ್ಲಿ ಸಿಗುವ ಸಿಹಿ ಪಾನೀಯ ಬೇರೆ. ಅದರಲ್ಲಿ ಸಕ್ಕರೆ ವಿಪರೀತ. ಸೂತ್ರಕ್ಕೆ ಹೊಂದದ ಪಾನೀಯಗಳಿಗೆ ಓಆರ್‌ಎಸ್ ಎಂಬ ಹೆಸರು ಹಾಕಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು. ಒಬ್ಬೊಬ್ಬರಿಗೆ ನಾಲ್ಕೈದು ಸರಿಯಾದ ಪೊಟ್ಟಣ ಇಲ್ಲಿಂದಲೇ ಕಟ್ಟಿಕೊಂಡು ಹೋಗಿ. ಅದೂ ಇಲ್ಲದ ಜಾಗದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಯುವ ನಮ್ಮ ಅಭ್ಯಾಸವೂ ಒಳ್ಳೆಯದೇ. ಬೊಂಡ, ಅಂದರೆ ಎಳನೀರು, ಕುಡಿಯಿರಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಜೋರು ಭೇದಿಗೆ ಬರೀ ಬೊಂಡ ಸಾಲದು.

ಭೇದಿ ಎಂದ ಕೂಡಲೇ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ಎರಡು ಮಾತ್ರೆ ನುಂಗಿ ನಿಲ್ಲಿಸುವ ರೂಢಿ ಬಿಡಬೇಕು. ಹೆಚ್ಚಿನ ಭೇದಿ ನೀರು, ಉಪ್ಪು ಸರಿ ಹೋದರೆ ತಾನೇ ನಿಲ್ಲುತ್ತದೆ. ರಕ್ತ ಹೋದರೆ, ಜ್ವರ ಜೋರಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ ಆಸ್ಪತ್ರೆ. ರಕ್ತ, ಜ್ವರ ಇದ್ದಾಗ ಭೇದಿ ಕಟ್ಟುವ ಮಾತ್ರೆ ಮುಟ್ಟಲೇಬೇಡಿ.

ಊಟಕ್ಕೆ ನನ್ನ ಸಲಹೆ ಸಣ್ಣದು. ಕಣ್ಣೆದುರೇ ಬೆಂದು ಹೊಗೆಯಾಡುವುದನ್ನು ತಿನ್ನಿ. ಬೀದಿಬದಿಯ ಬಾಣಲೆಯಿಂದ ಈಗ ತಾನೇ ಇಳಿದದ್ದು, ದೊಡ್ಡ ಹೋಟೆಲಿನಲ್ಲಿ ಬೆಳಗ್ಗಿನಿಂದ ಉಗುರು ಬೆಚ್ಚಗೆ ಇಟ್ಟ ಬಫೆಗಿಂತ ಎಷ್ಟೋ ವಾಸಿ. ಹಣ್ಣು ನೀವೇ ಸುಲಿದು ತಿನ್ನಿ, ಕತ್ತರಿಸಿ ಇಟ್ಟದ್ದು ಬೇಡ. ಚಟ್ನಿ, ಸಲಾಡ್, ಐಸ್ ಮೂರೂ ಬೇಡ. ನಮ್ಮವರು ಬಾಟಲಿ ನೀರು ಕೊಳ್ಳುತ್ತಾರೆ, ಹಲ್ಲುಜ್ಜುವುದು ಮಾತ್ರ ನಲ್ಲಿ ನೀರಲ್ಲಿ! ಬಾಟಲಿಯ ಸೀಲು ನಿಮ್ಮ ಕೈಯಲ್ಲೇ ಮುರಿಯಬೇಕು. ಕುದಿಸುವುದಾದರೆ ಗುಳ್ಳೆ ಎದ್ದು ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೆ.

ಎತ್ತರ ಎಂದಾಗ ಮುಕ್ತಿನಾಥದ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ನಾವು ಸಮುದ್ರಮಟ್ಟದ ಜನ. ಆಗುಂಬೆ ಹತ್ತಿದರೆ ಸಿಗುವುದು 600 ಚಿಲ್ಲರೆ ಮೀಟರ್. ಇಡೀ ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಈಗ ಪ್ಯಾಕೇಜ್ ಟೂರಿನ ಒಂದು ದಿನ ನೋಡಿ. ಬೆಳಗ್ಗೆ ಪೋಖರಾ, ಸುಮಾರು 800 ಮೀಟರ್. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಜೋಮ್‌ಸೋಮ್, ಸುಮಾರು 2,700 ಮೀಟರ್. ಮಧ್ಯಾಹ್ನದೊಳಗೆ ಗಾಳಿ ಎದ್ದು ವಿಮಾನ ನಿಲ್ಲುತ್ತದೆ, ಹಾಗಾಗಿ ಎಲ್ಲರಿಗೂ ಅವಸರ. ಕೂಡಲೇ ಜೀಪು, ಕಾಳಿ ಗಂಡಕಿಯ ಪಾತ್ರದ ಬದಿಯಲ್ಲಿ. ನಮ್ಮ ದೇವರಕೋಣೆಯ ಸಾಲಿಗ್ರಾಮ ಸಿಗುವ ನದಿ ಅದು. ಕಣ್ಣು ತುಂಬಿ ಬರುತ್ತದೆ. ಜೀಪು ಇಳಿದು ಮೆಟ್ಟಿಲು ಹತ್ತಿ ಮುಕ್ತಿನಾಥ, ಸುಮಾರು 3,700 ಮೀಟರ್. ಅಲ್ಲಿ ಕೊರೆಯುವ ನೀರಿನ 108 ಧಾರೆಗಳ ಕೆಳಗೆ ಸ್ನಾನ. ಎಪ್ಪತ್ತು ವರ್ಷದವರು, ಕೆಲವರು ಉಪವಾಸದಲ್ಲಿ. ಒಂದೇ ದಿನದಲ್ಲಿ ಮೂರು ಸಾವಿರ ಮೀಟರ್ ಮೇಲಕ್ಕೆ. ಭಕ್ತಿ ದೊಡ್ಡದು, ಆದರೆ ಶ್ವಾಸಕೋಶಕ್ಕೆ ಹೊಂದಿಕೊಳ್ಳಲು ದಿನ ಬೇಕು.

ಮೊದಲು ಬರುವುದು ತಲೆನೋವು. ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ನಿದ್ದೆಗೇಡು. ಎತ್ತರದಲ್ಲಿ ತಲೆನೋವು ಬಂದರೆ ಬೇರೆ ಕಾರಣ ಸಿಗುವವರೆಗೆ ಅದು ಎತ್ತರದ್ದೇ ಎಂದು ಇಟ್ಟುಕೊಳ್ಳಿ. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿದರೆ, ಕಾಲು ತಡವರಿಸಿದರೆ ಮಿದುಳು ಊದುತ್ತಿದೆ. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ನೆಲದಲ್ಲಿ ಒಂದು ಗೆರೆ ಎಳೆಯಿರಿ. ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ಹತ್ತು ಹೆಜ್ಜೆ ನಡೆಸಿ. ವಾಲಿದರೆ ರಾತ್ರಿಯಾಗಿದ್ದರೂ ಅವರನ್ನು ಕೆಳಗೆ ಇಳಿಸಬೇಕು. ಬೆಳಗಾಗಲಿ ನೋಡೋಣ ಎನ್ನಬಾರದು. ಕೊರೊನಾ ಸಮಯದಲ್ಲಿ ತಂದ ಆಕ್ಸಿಮೀಟರ್ ಎಲ್ಲರ ಕಪಾಟಿನಲ್ಲೂ ಇದೆ. ಒಯ್ಯಿರಿ, ಆದರೆ ಆ ಎತ್ತರದಲ್ಲಿ 90ಕ್ಕಿಂತ ಕೆಳಗೆ ತೋರಿಸುವುದು ಸಹಜ. ಸಂಖ್ಯೆಗಿಂತ ಮನುಷ್ಯನನ್ನು ನೋಡಿ.

ಟೂರಿನವರ ಹತ್ತಿರ ಬುಕ್ಕಿಂಗ್ ಮೊದಲೇ ಒಂದು ಪ್ರಶ್ನೆ ಕೇಳಿ: ಮೊದಲ ರಾತ್ರಿ ಎಲ್ಲಿ ಮಲಗಿಸುತ್ತೀರಿ? ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ಇದ್ದು, ಮರುದಿನ ಬೆಳಗ್ಗೆ ದರ್ಶನಕ್ಕೆ ಹೋಗಿ, ಮಲಗಲು ಮತ್ತೆ ಕೆಳಗೆ ಬರುವ ಯೋಜನೆ ಇದ್ದರೆ ಒಪ್ಪಬಹುದು. ಒಂದು ದಿನ ಜಾಸ್ತಿ ಆಗುತ್ತದೆ, ದುಡ್ಡೂ ಸ್ವಲ್ಪ ಜಾಸ್ತಿ. ಕೊಡಿ. ಅಸಿಟಾಜೋಲಮೈಡ್ ಎಂಬ ಮಾತ್ರೆ ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಮದ್ದಿನ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬಾರದು. ಕೈಲಾಸ ಯಾತ್ರೆಯ ಡೋಲ್ಮಾ ಕಣಿವೆದಾರಿ 5,600 ಮೀಟರ್ ದಾಟುತ್ತದೆ, ಅದಕ್ಕೆ ಬೇರೆಯೇ ತಯಾರಿ ಬೇಕು.

ನಾಯಿ, ಮಂಗ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಎಂಬ ಅಂದಾಜು ಇದೆ, ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕದಲ್ಲಿ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಅಲ್ಲಿನ ಮಂಗಗಳ ಕಾಡಿನಲ್ಲಿ ಹೆಗಲ ಮೇಲೆ ಮಂಗ ಕೂರಿಸಿಕೊಂಡು ಫೋಟೊ ತೆಗೆಸುತ್ತಾರೆ. ಬೇಡ. ಕಚ್ಚಿದರೆ, ಪರಚಿದರೆ ನಲ್ಲಿಯ ಕೆಳಗೆ ಸೋಪು ಹಾಕಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನ ಹುಡಿ ಯಾವುದೂ ಬೇಡ. ಅದೇ ದಿನ ಮೊದಲ ಲಸಿಕೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು. ಅದು ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ ಉಳಿದ ಟೂರು ಬಿಟ್ಟು ಸಿಗುವ ಊರಿಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಮದ್ದು ಇಲ್ಲ.

ಇಷ್ಟು ಹೊತ್ತು ರೋಗದ ಬಗ್ಗೆಯೇ ಮಾತಾಡಿದೆ. ಆದರೆ ಪ್ರವಾಸಿಗರ ಜೀವ ಸೋಂಕು ರೋಗಗಳಿಗಿಂತ ಜಾಸ್ತಿ ಹೋಗುವುದು ರಸ್ತೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ, ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ಅದು. ಇಲ್ಲಿಯೂ "ನಮಗೆ ಅಭ್ಯಾಸ ಉಂಟು" ಎನ್ನುವ ಮಾತೇ ಕೊಲ್ಲುವುದು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನೇತಾಡಿ ಹೋದವರು ನಾವು, ನಮಗೇನು ಎನ್ನುತ್ತೇವೆ. ವಿಯೆಟ್ನಾಂನಲ್ಲಿ ಬೈಕು ಬಾಡಿಗೆಗೆ ಸುಲಭವಾಗಿ ಸಿಗುತ್ತದೆ. ನಮ್ಮ ಹುಡುಗರು ಹೆಲ್ಮೆಟ್ ಇಲ್ಲದೆ, ಎಡ ಬಲ ಅದಲು ಬದಲಾದ ರಸ್ತೆಯಲ್ಲಿ ಬಿಡುತ್ತಾರೆ. ಆ ದೇಶದಲ್ಲಿ ನಡೆಯುವ ಲೈಸೆನ್ಸ್ ನಿಮ್ಮ ಹತ್ತಿರ ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ದುಡ್ಡು ಕೊಡುವುದಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಇದೆಯೇ ಎಂದು ಹತ್ತುವ ಮೊದಲೇ ನೋಡಿ. ಇಲ್ಲದಿದ್ದರೆ ಬೇರೆ ಕಾರು ಕೇಳಿ. ರಾತ್ರಿ ಬೆಟ್ಟದ ದಾರಿಯ ಪ್ರಯಾಣ ಬೇಡವೇ ಬೇಡ. ಚಾಲಕ ತೂಕಡಿಸುತ್ತಿದ್ದರೆ ನಿಲ್ಲಿಸಲು ಹೇಳಲು ಸಂಕೋಚ ಪಡಬೇಡಿ. "ಅಣ್ಣ, ಒಂದು ಚಾ ಕುಡಿದು ಹೋಗುವ" ಎಂದರೆ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ.

ಮದ್ದಿನ ಚೀಲದ ಬಗ್ಗೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಮದ್ದು ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ಹಾಗಾಗಿ ಬಿಪಿ, ಶುಗರ್, ಹೃದಯದ ಮದ್ದು ಪೂರ್ತಿ ಇಲ್ಲಿಂದಲೇ ಒಯ್ಯಿರಿ, ಒಂದು ವಾರಕ್ಕೆ ಹೆಚ್ಚುವರಿಯಾಗಿ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ, ಸ್ಟ್ರಿಪ್‌ನಲ್ಲೇ ಇರಲಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಮೂಲ ಮದ್ದಿನ ಹೆಸರೂ ಇರಲಿ. ಎಲ್ಲವೂ ಕೈಚೀಲದಲ್ಲಿ. ಇನ್ಸುಲಿನ್ ಅಂತೂ ಲಗೇಜಿಗೆ ಹಾಕಲೇಬಾರದು, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಬಜಪೆ ವಿಮಾನ ನಿಲ್ದಾಣದಿಂದ ದುಬೈ ಮೂಲಕ ಆಫ್ರಿಕಕ್ಕೆ ಹೋಗುವವರು ಇನ್ನೊಂದು ನೆನಪಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗೆ ಅಲ್ಲಿ ಕಟ್ಟುನಿಟ್ಟಿನ ನಿಯಮ ಇದೆ. ಪಾಯಸಕ್ಕೆ ಎಂದು ಮಗಳಿಗೆ ಕಟ್ಟಿಕೊಡುವ ಗಸಗಸೆ ಅಲ್ಲಿ ನಿಷೇಧಿತ ವಸ್ತು. ಪೊಲೀಸ್ ಕೇಸು ಆಗುತ್ತದೆ.

ಪಾಸ್‌ಪೋರ್ಟಿನ ಪ್ರತಿ ಒಂದು ಮನೆಯಲ್ಲಿ, ಒಂದು ಫೋನಿನಲ್ಲಿ ಇರಲಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರ್ ಕಾಗದದಲ್ಲೂ ಬರೆದಿಡಿ, ಫೋನ್ ಕಳೆದುಹೋಗಬಹುದು.

ಇನ್ನು ಪ್ರಶ್ನೆಗಳು.

"ಶುಗರ್ ಇದ್ದವರು ಓಆರ್‌ಎಸ್ ಕುಡಿಯಬಹುದೇ?" ಎಂದು ಒಬ್ಬರು ಕೇಳಿದರು. ಖಂಡಿತ ಕುಡಿಯಬಹುದು. ಒಂದು ಲೀಟರ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಕುಡಿಯದೆ ದೇಹ ಒಣಗಿದರೆ ಶುಗರ್ ಇನ್ನೂ ಏರುತ್ತದೆ. ವಾಂತಿ ಭೇದಿಯ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಇನ್ಸುಲಿನ್ ಎಷ್ಟು ಎಂಬುದನ್ನು ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್, ಬಿಪಿಗೆ ಕೊಡುವ ಮೂತ್ರದ ಮಾತ್ರೆ ಇವೆರಡರ ಬಗ್ಗೆ ಮುಖ್ಯವಾಗಿ ಕೇಳಿ.

"ಊಟದ ಮೊದಲು ಒಂದು ಪೆಗ್ ಹಾಕಿದರೆ ಹೊಟ್ಟೆಯ ಕ್ರಿಮಿ ಸಾಯುತ್ತದಂತೆ, ಹೌದಾ?" ಇಲ್ಲ. ಕ್ರಿಮಿ ಸಾಯುವಷ್ಟು ಕುಡಿದರೆ ಮನುಷ್ಯ ಉಳಿಯುವುದಿಲ್ಲ. ಐಸ್ ಹಾಕಿದರಂತೂ ಕ್ರಿಮಿಯನ್ನೇ ಒಳಗೆ ಬಿಟ್ಟ ಹಾಗೆ.

ಕೊನೆಗೆ ಒಬ್ಬ ಅಮ್ಮ ಎದ್ದರು. "ನಾನು ಎಲ್ಲಿಗೂ ಹೋಗುವುದಿಲ್ಲ ಡಾಕ್ಟ್ರೇ. ಮೊಮ್ಮಕ್ಕಳು ಜುಲೈಯಲ್ಲಿ ಅಮೆರಿಕದಿಂದ ಬರ್ತಾರೆ. ನಾನೇನು ಮಾಡಬೇಕು?"

ಇದು ತುಂಬಾ ಒಳ್ಳೆಯ ಪ್ರಶ್ನೆ. ಅಮೆರಿಕ, ಇಂಗ್ಲೆಂಡಿನಲ್ಲಿ ಪ್ರವಾಸದಿಂದ ಬಂದ ಮಲೇರಿಯ, ಟೈಫಾಯಿಡ್ ಜಾಸ್ತಿ ಕಾಣುವುದು ತಮ್ಮ ಮೂಲ ಊರಿಗೆ, ನೆಂಟರ ಮನೆಗೆ ಹೋಗಿ ಬಂದವರಲ್ಲಿ. ಹೋಟೆಲಿಗೆ ಬರುವ ಪ್ರವಾಸಿ ಲಸಿಕೆ ಹಾಕಿಸಿಕೊಂಡು ಬರುತ್ತಾನೆ. ಅಜ್ಜಿ ಮನೆಗೆ ಬರುವವರಿಗೆ ಅದು ನೆನಪೇ ಆಗುವುದಿಲ್ಲ. ಮಗಳಿಗೆ ಈಗಲೇ ಫೋನ್ ಮಾಡಿ. ಟೈಫಾಯಿಡ್, ಹೆಪಟೈಟಿಸ್ ಎ ಲಸಿಕೆ ಹೊರಡುವ ಎರಡು ವಾರ ಮೊದಲಾದರೂ ಆಗಿರಲಿ. ಮಲೇರಿಯದ ಬಗ್ಗೆ ಅಲ್ಲಿನ ವೈದ್ಯರನ್ನು ಕೇಳಲಿ. ಊರಿಗೆ ಬಂದ ಮೇಲೆ ಬಾವಿಯ ನೀರು ಕುದಿಸಿಯೇ ಕೊಡಿ. ಮಳೆಗಾಲದಲ್ಲಿ ಮೇಲಿನ ನೀರು ಬಾವಿಗೆ ಇಳಿಯುತ್ತದೆ. ಮಕ್ಕಳು ಮಲಗುವ ಕೋಣೆಗೆ ಪರದೆ ಹಾಕಿ, ತಾರಸಿಯ ಟ್ಯಾಂಕಿಗೆ ಮುಚ್ಚಳ ಇದೆಯೇ ನೋಡಿಸಿ. ಗದ್ದೆ ನೀರಲ್ಲಿ ಆಡುವುದಾದರೆ ಕಾಲಿನಲ್ಲಿ ಗಾಯ ಇರಬಾರದು, ಇಲಿ ಜ್ವರ ನಮ್ಮಲ್ಲಿ ಜಾಸ್ತಿ ಬರುವುದು ಮಳೆಗಾಲದಲ್ಲೇ. ಮಾವ ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತೇನೆ ಎಂದರೆ ಬಿಡಬೇಡಿ. ಅಲ್ಲಿ ಅವರು ಕಾರಿನಲ್ಲಿ ಮಕ್ಕಳ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುವವರು. ಆ ಸೀಟನ್ನು ವಿಮಾನದಲ್ಲಿ ತರಲು ಹೇಳಿ, ನಿಮ್ಮ ಬಾಡಿಗೆ ಕಾರಿಗೂ ಅದನ್ನೇ ಕಟ್ಟಿ. ಸಮುದ್ರ ತೋರಿಸಲು ಕರೆದುಕೊಂಡು ಹೋಗಿ, ಆದರೆ ಜುಲೈಯಲ್ಲಿ ಮಲ್ಪೆಯಲ್ಲಿ ಯಾರೂ ನೀರಿಗೆ ಇಳಿಯದಂತೆ ಬಲೆ ಕಟ್ಟಿರುತ್ತಾರೆ. ಅದರ ಈಚೆಯೇ ನಿಲ್ಲಿಸಿ, ಕೈ ಹಿಡಿದುಕೊಂಡು.